ಹೈದರಾಬಾದ್ ರೆಸಿಡೆನ್ಸಿ ಮತ್ತು ಕೊಪ್ಪಳ ಸೀಮೆ

ದೇಶೀ ಸಂಸ್ಥಾನದ ಆಸ್ಥಾನದಲ್ಲಿ ಬ್ರಿಟಿಷರ ಪರವಾಗಿ ನೇಮಕಗೊಂಡ ರಾಜತಾಂತ್ರಿಕ ಪ್ರತಿನಿಧಿಗೆ ರೆಸಿಡೆಂಟ್ ಎನ್ನುತ್ತಿದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಿಜಾಮರ ಆಳ್ವಿಕೆಗೆ ಸೇರಿದ್ದರಿಂದ ಇಲ್ಲಿನ ಬ್ರಿಟಿಷ್ ವ್ಯವಹಾರ ಹೈದರಾಬಾದ್ ರೆಸಿಡೆಂಟ್ ಮೂಲಕ ನಡೆಯುತ್ತಿತ್ತು.

ಮೊದಲ ರೆಸಿಡೆಂಟ್ ಜಾನ್ ಹಾಲೆಂಡ್ 1779ರಲ್ಲಿ ನೇಮಕಗೊಂಡನು. ಮೈಸೂರಿನ ಟಿಪ್ಪು ಸುಲ್ತಾನನ ವಶದಲ್ಲಿದ್ದ ಕೊಪ್ಪಳ ಕೋಟೆಯನ್ನು ನಿಜಾಮ ಹಾಗೂ ಬ್ರಿಟಿಷ್ ಪಡೆಗಳು ತಿಂಗಳುಗಟ್ಟಲೆ ಮುತ್ತಿ 1791ರಲ್ಲಿ ಗೆದ್ದವು. ನಿಜಾಮರು 1798ರಲ್ಲಿ ಬ್ರಿಟಿಷ್ ಸೈನ್ಯವನ್ನು ತಮ್ಮ ಖರ್ಚಿನಲ್ಲಿ ಇಟ್ಟುಕೊಳ್ಳುವ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದರು. ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕಿರ್ಕ್‌ಪ್ಯಾಟ್ರಿಕ್ ಕಾಲದಲ್ಲಿ ಹೈದರಾಬಾದಿನ ಕೋಠಿಯ ರೆಸಿಡೆನ್ಸಿ ಭವನ ನಿರ್ಮಾಣವಾಯಿತು.

ನಿಜಾಮರು ಕೊಡಬೇಕಿದ್ದ ಸೈನ್ಯದ ಖರ್ಚಿನ ಬಾಕಿಗಾಗಿ 1853ರ ಒಪ್ಪಂದದಂತೆ ಬೀರಾರ್ ಜೊತೆಗೆ ಕೃಷ್ಣಾ-ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಬ್ರಿಟಿಷ್ ಆಡಳಿತಕ್ಕೆ ಹೋಯಿತು. ಆಗಿನ ರೆಸಿಡೆಂಟ್ ಕರ್ನಲ್ ಲೋ. 1858ರ ಜೂನ್‌ನಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಕೊಪ್ಪಳ ಕೋಟೆಯಲ್ಲಿ ಅವರೊಡನೆ ಹೋರಾಡಿ ಮಡಿದನು. 1860ರಲ್ಲಿ ದೋಆಬ್ ನಿಜಾಮರಿಗೆ ಮರಳಿತು. ಕೊಪ್ಪಳ, ಯಲಬುರ್ಗಾ ನಿಜಾಮರ ದಿವಾನರಾಗಿದ್ದ ಸಾಲಾರ್‌ಜಂಗ್ ಮನೆತನದ ಜಹಗೀರುಗಳಾಗಿದ್ದವು.

1947ರಲ್ಲಿ ರೆಸಿಡೆಂಟ್ ಹುದ್ದೆ ಕೊನೆಗೊಂಡಿತು. 1948ರ ಜನವರಿಯಲ್ಲಿ ಕೆ. ಎಂ. ಮುನ್ಷಿ ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿ ಹೈದರಾಬಾದಿಗೆ ಬಂದರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಪಡೆ ಭಾರತೀಯ ಸೇನೆಗೆ ಶರಣಾಯಿತು. 1956ರಲ್ಲಿ ಕೊಪ್ಪಳ ಸೀಮೆಯ ಈ ತಾಲ್ಲೂಕುಗಳು ಮೈಸೂರು ರಾಜ್ಯ ಸೇರಿದವು.