ಭೃತ್ಯಾಚಾರ ಮತ್ತು ಗಣಾಚಾರ: ಶುಶ್ರೂಷಾಧರ್ಮದ ವಿಚಾರ

ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಗಣಾಚಾರವೂ ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವೆಂಬಂತೆ ತೋರುತ್ತವೆ. ಶಿವಭಕ್ತರೆಲ್ಲರೂ ಹಿರಿಯರು, ತಾನು ಅವರ ಕಿಂಕರನೆಂದು ನಡೆಯುವುದು ಭೃತ್ಯಾಚಾರ. ಆಚಾರಕ್ಕೆ ಹಾನಿಯೊದಗಿದಾಗ, ಅನ್ಯಾಯವು ಕಣ್ಣಿಗೆ ಬಿದ್ದಾಗ, ಸುಮ್ಮನಿರದೆ ಎದ್ದು ನಿಲ್ಲುವುದು ಗಣಾಚಾರ. ಒಂದು ಬಾಗುವ ಧರ್ಮ, ಇನ್ನೊಂದು ಎದುರು ನಿಲ್ಲುವ ಧರ್ಮ. ಇವೆರಡನ್ನೂ ಒಬ್ಬನೇ ಭಕ್ತನು ಆಚರಿಸುವುದೆಂತು ಎಂದು ಸದ್ಭಕ್ತರು ಕೇಳುವುದುಂಟು. ಒಂದಿಲ್ಲದೆ ಇನ್ನೊಂದು ನಿಲ್ಲದೆಂಬುದನ್ನು ಪರದೇಶದ ಒಂದು ದಾರುಣ ಸಂಗತಿಯ ಮೂಲಕ ವಿಚಾರಿಸೋಣ.

ಜರ್ಮನಿ ದೇಶದ ಓಲ್ಡೆನ್‌ಬರ್ಗ್ ಮತ್ತು ಡೆಲ್ಮೆನ್‌ಹೋರ್ಸ್ಟ್ ಎಂಬ ಊರುಗಳ ಆಸ್ಪತ್ರೆಗಳಲ್ಲಿ ನೀಲ್ಸ್ ಹೋಗೆಲ್ ಎಂಬ ಪುರುಷ ದಾದಿಯಿದ್ದನು. ಹೃದಯದ ಮಿಡಿತವನ್ನು ಕ್ರಮಗೊಳಿಸುವ ಮದ್ದುಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಆತನು ರೋಗಿಗಳಿಗೆ ಚುಚ್ಚುತ್ತಿದ್ದನು. ಹೃದಯವು ನಿಂತೊಡನೆ ತಾನೇ ಮುಂದೆ ಧಾವಿಸಿ ಎದೆಯನ್ನೊತ್ತಿ ಬದುಕಿಸಲು ಯತ್ನಿಸುತ್ತಿದ್ದನು. ಬದುಕಿದರೆ ಸಹೋದ್ಯೋಗಿಗಳಿಂದ ಹೊಗಳಿಕೆ. ಸತ್ತರೆ ರೋಗದ ಮೇಲೆ ದೋಷ. 2005ರಲ್ಲಿ ಜೊತೆಯ ದಾದಿಯೊಬ್ಬರ ಕಣ್ಣಿಗೆ ಇದು ಬಿದ್ದಿತು. ಬಳಿಕ ನೂರಕ್ಕೂ ಮಿಕ್ಕ ಶವಗಳನ್ನು ಸಮಾಧಿಗಳಿಂದ ಹೊರತೆಗೆದು ಪರೀಕ್ಷಿಸಬೇಕಾಯಿತು. ಅದಾಗಲೇ ಶಿಕ್ಷೆಗೊಳಗಾಗಿದ್ದ ಆತನಿಗೆ 2019ರಲ್ಲಿ ನ್ಯಾಯಾಲಯವು ಇನ್ನೂ 85 ಕೊಲೆಗಳಿಗಾಗಿ ಜೀವಾವಧಿ ಶಿಕ್ಷೆಯನ್ನು ವಿಧಿಸಿತು.

ಇಲ್ಲಿ ಮೊದಲು ಆ ಕೈಯ ಹಿಂದಿನ ಮನಸ್ಸನ್ನು ನೋಡಬೇಕು. ಮಾಡಿದ ಕೆಲಸವು ಹೊರಗಣ್ಣಿಗೆ ಸೇವೆಯೇ. ಕೈಯಲ್ಲಿ ಕುಶಲತೆಯೂ ಇದ್ದಿತು. ಆದರೆ ಆ ಸೇವೆಯ ಗುರಿ ರೋಗಿಯಲ್ಲ, ತನ್ನ ಕೀರ್ತಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸದೆ, ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿ ಕಳವಿನದಲ್ಲ, ಆದರೂ ಅಗತ್ಯಕ್ಕೆ ಮೀರಿದ್ದು ಆಶೆಯೆಂದು ಆ ಶರಣೆ ಕಂಡಳು. ಹೊಗಳಿಕೆಯೂ ಅಂತಹ ಅಕ್ಕಿಯೇ. ದುಡಿದುದಕ್ಕೆ ತಾನಾಗಿ ಬಂದಷ್ಟೇ ಸಾಕೆನ್ನದೆ ಅದನ್ನು ಅರಸಿಹೊರಟವನು ಕಡೆಗೆ ಸೇವೆಯ ಸಂದರ್ಭವನ್ನೇ ಸೃಷ್ಟಿಸಿಕೊಳ್ಳುವನು. ರೋಗವಿಲ್ಲದಲ್ಲಿ ರೋಗವನ್ನು ತರುವನು. ಪ್ರಾಣವೇ ಲಿಂಗವೆಂಬುದು ಪ್ರಾಣಲಿಂಗಿಸ್ಥಲದ ತಿರುಳು. ಆ ಲಿಂಗವನ್ನು ಆಟದ ಕಾಯಿಯಾಗಿಸಿಕೊಂಡ ಕೈಯಲ್ಲಿ ಕಾಯಕವು ಉಳಿಯಲಿಲ್ಲ, ಅಹಂಕಾರವಷ್ಟೇ ಉಳಿಯಿತು.

ಇನ್ನು ಗಣಾಚಾರದ ಮಾತು. ಓಲ್ಡೆನ್‌ಬರ್ಗಿನ ಆಸ್ಪತ್ರೆಯಲ್ಲಿ ಆತನ ಸರದಿಯಲ್ಲಿ ಮರಣಗಳು ಹೆಚ್ಚುತ್ತಿರುವ ಬಗ್ಗೆ ಸಂಶಯ ಮೂಡಿತ್ತು. ಆದರೂ 2002ರಲ್ಲಿ ಆತನು ಅಲ್ಲಿಂದ ಹೊರಟಾಗ ಕೈಯಲ್ಲಿ ಒಳ್ಳೆಯ ಗುಣಪತ್ರವಿತ್ತು. ಅದನ್ನು ಹಿಡಿದು ಡೆಲ್ಮೆನ್‌ಹೋರ್ಸ್ಟಿಗೆ ಹೋದನು, ಅಲ್ಲಿಯೂ ಕೊಂದನು. ಮೇಲಧಿಕಾರಿಗಳಾಗಿದ್ದ ಕೆಲವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ 2022ರಲ್ಲಿ ನ್ಯಾಯಾಲಯವು ಅವರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಅವರನ್ನು ನಾವು ಅಪರಾಧಿಗಳೆನ್ನಲಾಗದು, ಅದು ಸಲ್ಲದು. ಆದರೆ ದಂಡನೀತಿಯ ಅಳತೆಗೋಲು ಬೇರೆ, ಆಚಾರದ ಅಳತೆಗೋಲು ಬೇರೆ. ನಾನು ಕೊಂದೆನೇ ಎಂಬುದಷ್ಟೇ ಭಕ್ತನ ಪ್ರಶ್ನೆಯಲ್ಲ. ಶಂಕೆ ಮೂಡಿದಾಗ ನಾನು ಏನು ಮಾಡಿದೆನು ಎಂಬುದೂ ಅವನ ಪ್ರಶ್ನೆಯಾಗಬೇಕು.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಅಮೇರಿಕೆಯಲ್ಲಿ ಚಾರ್ಲ್ಸ್ ಕಲೆನ್ ಎಂಬ ದಾದಿ ಸುಮಾರು 16 ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ರೋಗಿಗಳನ್ನು ಕೊಂದನು. 29 ಕೊಲೆಗಳನ್ನು ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. 2003ರಲ್ಲಿ ಆತನು ಸಿಕ್ಕಿಬೀಳಲು ನೆರವಾದವರಲ್ಲಿ ಏಮಿ ಲಾಫ್ರೆನ್ ಎಂಬ ದಾದಿ ಮುಖ್ಯಳು. ಆಕೆ ಆತನ ಗೆಳತಿ. ಮದ್ದು ಪಡೆದ ದಾಖಲೆಗಳನ್ನು ಕಂಡ ಬಳಿಕ ಆಕೆ ಗೆಳೆತನವನ್ನು ಸತ್ಯಕ್ಕಿಂತ ಮೇಲೆ ಇರಿಸಲಿಲ್ಲ, ಪತ್ತೇದಾರರಿಗೆ ನೆರವಾದಳು. ಶರಣಧರ್ಮದ ಹೆಸರನ್ನು ಆಕೆ ಕೇಳಿರಲಾರಳು. ಆದರೆ ಆಚರಿಸಿದುದು ಗಣಾಚಾರವನ್ನೇ. ಮುಂದೆ 2005ರಲ್ಲಿ ನ್ಯೂಜೆರ್ಸಿ ರಾಜ್ಯವು, ಶುಶ್ರೂಷಕರ ದೋಷವನ್ನು ಸಂಸ್ಥೆಗಳು ಮುಚ್ಚಿಡದೆ ತಿಳಿಸಬೇಕೆಂದು ಶಾಸನವನ್ನೇ ಮಾಡಿತು.

ಗೃಹಸ್ಥರಾದ ನಾವು ಇದರಿಂದ ಕಲಿಯುವುದೇನು? ದಾದಿಯರನ್ನೂ ವೈದ್ಯರನ್ನೂ ಕಂಡಂತೆಲ್ಲ ಅಂಜುವುದಲ್ಲ. ಅವರಲ್ಲಿ ಬಹುಮಂದಿ ನಿದ್ರೆಗೆಟ್ಟು ಪರರ ಪ್ರಾಣವನ್ನು ಕಾಯುವವರು; ಅವರ ಕಾಯಕಕ್ಕೆ ಶರಣು. ಆದರೂ ನಮ್ಮವರು ಹಾಸಿಗೆ ಹಿಡಿದಾಗ, ಈ ಮದ್ದು ಯಾವುದು, ಏತಕ್ಕೆ ಎಂದು ವಿನಯದಿಂದ ಕೇಳುವುದು ಅವಿಶ್ವಾಸವಲ್ಲ. ಒಳ್ಳೆಯ ವೈದ್ಯನು ಆ ಪ್ರಶ್ನೆಗೆ ಮುನಿಯನು.

ಎರಡನೆಯದು ಇನ್ನೂ ಹತ್ತಿರದ ಮಾತು. ಶಾಲೆ, ಪ್ರಸಾದನಿಲಯ, ಆಸ್ಪತ್ರೆಗಳನ್ನು ಮಠಗಳೂ ನಡೆಸುತ್ತವೆ. ಕೈಕೆಳಗಿನವನ ನಡತೆಯಲ್ಲಿ ದೋಷ ಕಂಡಾಗ, ಸಂಸ್ಥೆಯ ಹೆಸರು ಕೆಡುವುದೆಂದು ಅಂಜಿ, ಒಳ್ಳೆಯ ಪತ್ರವನ್ನು ಕೊಟ್ಟು ನೆರೆಯೂರಿಗೆ ಸಾಗಹಾಕುವ ಬಯಕೆ ಎಲ್ಲಿಯೂ ಹುಟ್ಟಬಹುದು. ಅಂತಹ ಪತ್ರಕ್ಕೆ ಹಾಕುವ ರುಜುವು ಮುಂದಿನೂರಿನ ಅಮಾಯಕನ ಮೇಲೆ ಬೀಳುವ ಏಟು. ಅದರಿಂದ ಮಠದ ಮಾನವು ಉಳಿಯದು. ಮಾನದ ಹೆಸರಿನಲ್ಲಿ ಆಚಾರವೇ ಅಳಿಯುವುದು.

ಆದಕಾರಣ ಭೃತ್ಯಾಚಾರಕ್ಕೆ ಗಣಾಚಾರವೇ ಕಾವಲು, ಗಣಾಚಾರಕ್ಕೆ ಭೃತ್ಯಾಚಾರವೇ ಹದ. ಸೇವಿಸುವಾಗ ತಾನು ಕಿರಿಯನೆಂಬ ಭಾವವಿರಲಿ. ಸೇವೆಯ ಮರೆಯಲ್ಲಿ ಹಿಂಸೆಯನ್ನು ಕಂಡಾಗ, ಮಾಡುವವನು ಗೆಳೆಯನಾದರೂ ಹಿರಿಯನಾದರೂ, ನಾಲಗೆಯು ಹಿಂಜರಿಯದಿರಲಿ. ಈ ಎರಡೂ ಕೂಡಿದಲ್ಲಿಯೇ ದಾಸೋಹವು ಪೂರ್ಣವಾಗುವುದು.