ಮರಳಿ ಮರಳಿ ಬರುವ ನಡುನೋವು: ಕಾರಣ ಮತ್ತು ಉಪಾಯ

ಎತ್ತಿನ ಹೆಗಲಿಗೆ ಹುಣ್ಣಾದರೆ ಒಕ್ಕಲಿಗನು ಮೊದಲು ನೊಗವನ್ನು ನೋಡುತ್ತಾನೆ. ತನ್ನ ನಡು ಹಿಡಿದಾಗ ಮಾತ್ರ “ಎಲುಬು ಸವೆಯಿತು, ಇನ್ನು ದುಡಿಮೆ ಮುಗಿಯಿತು” ಎಂದು ಎದೆಗೆಡುತ್ತಾನೆ. ಜತ್ತ, ಅಕ್ಕಲಕೋಟೆಗಳ ಕಡೆ ಜೋಳದ ಸುಗ್ಗಿಯಲ್ಲಿಯೂ ಕಬ್ಬಿನ ಕಡಿತದಲ್ಲಿಯೂ ಈ ನೋವು ಬಲ್ಲದವರಿಲ್ಲ. ಕೆಲವರು ಹಾಸಿಗೆ ಹಿಡಿದು ಕೂಲಿ ಕಳೆದುಕೊಳ್ಳುವರು. ಕೆಲವರು ಸಾಲ ತಂದು ಪಟ್ಟಿ, ಸೂಜಿಗಳಿಗೆ ಸುರಿಯುವರು. ಆದುದರಿಂದ ಈ ನೋವಿನ ಸ್ವರೂಪವನ್ನು ಅರಿತುಕೊಳ್ಳುವದು ಅವಶ್ಯ.

ನೋವು ಏಕೆ ಬರುವದು?

ನಡುವಿನಲ್ಲಿ ಐದು ಬೆನ್ನುಮಣಿಗಳಿವೆ. ಮಣಿ ಮಣಿಗಳ ನಡುವೆ ಮೆತ್ತನೆಯ ಗಾದಿಗಳು, ಸುತ್ತಲೂ ಸ್ನಾಯುಗಳು, ಅವುಗಳನ್ನು ಬಿಗಿದಿಡುವ ತಂತುಗಳು ಇವೆ. ಇವುಗಳ ಮೇಲೆ ಮಿತಿಮೀರಿದ ಭಾರ ಬಿದ್ದರೆ ನೋವು ಹುಟ್ಟುವದು. ಬಗ್ಗಿದರೆ ಹೆಚ್ಚುವ, ಭಂಗಿ ಬದಲಿಸಿದರೆ ಇಳಿಯುವ ನೋವು ಸಾಮಾನ್ಯವಾಗಿ ಈ ಜಾತಿಯದು. ಎಕ್ಸರೇ ಚಿತ್ರದಲ್ಲಿ ಸವೆತ ಕಂಡರೆ ಗಾಬರಿಯಾಗಬೇಕಿಲ್ಲ. ನೋವೇ ಇಲ್ಲದ ನಡುವಯಸ್ಸಿನವರಲ್ಲಿಯೂ ಅದು ಕಾಣುವದು.

ಭಾರದ ಲೆಕ್ಕ ಹಾರೆಯ ಲೆಕ್ಕದಂತೆಯೇ ಇದೆ. ಬೆನ್ನಿನ ಸ್ನಾಯುಗಳು ಗಾದಿಯ ಮಧ್ಯದಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ನಿಂತು ಎಳೆಯುತ್ತವೆ. 10 ಕಿಲೋ ಭಾರವನ್ನು 50 ಸೆಂಟಿಮೀಟರ್ ಮುಂದೆ ಚಾಚಿ ಹಿಡಿದರೆ ಅವು 100 ಕಿಲೋದಷ್ಟು ಬಲ ಹಾಕಬೇಕು. ಅದೇ ಭಾರವನ್ನು 25 ಸೆಂಟಿಮೀಟರಿಗೆ ತಂದರೆ 50 ಕಿಲೋ ಬಲ ಸಾಕು. ಬಗ್ಗಿದ ಮೈಯ ತೂಕ ಇದರ ಮೇಲೆ ಬೇರೆ. ಗೊಬ್ಬರದ ಚೀಲವನ್ನಾಗಲಿ ನೀರಿನ ಕೊಡವನ್ನಾಗಲಿ ಮೈಗೆ ಒತ್ತಿಕೊಂಡೇ ಏಕೆ ಎತ್ತಬೇಕೆಂಬುದು ಇದರಿಂದ ತಿಳಿಯುವದು.

ನೋವು ಬಂದಾಗ

ತೀರ ಅಸಹ್ಯವಾದಾಗ ಒಂದೆರಡು ದಿನ ಆಗಾಗ ಮಲಗಿ ಎದ್ದರೆ ತಪ್ಪಿಲ್ಲ. ಬಳಿಕ ಎದ್ದು ಮನೆಯಂಗಳದಲ್ಲಿಯಾದರೂ ತಿರುಗಾಡಬೇಕು. ಮಲಗಿಯೇ ಇದ್ದರೆ ಸ್ನಾಯುಗಳು ಸೊರಗುವವು, ಮುಂದಿನ ಸಲ ನಡು ಬೇಗ ಹಿಡಿಯುವದು. ಬಿಸಿ ಶಾಖ ಕೊಟ್ಟರೆ ಹಿತವೆನಿಸುವದು. ಚರ್ಮ ಸುಡದಂತೆ ನೋಡಿಕೊಳ್ಳಿರಿ. ನೋವಿನ ಗುಳಿಗೆಗಳು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು ಮಾಡಬಲ್ಲವು. ವೈದ್ಯರನ್ನು ಕೇಳದೆ ದಿನವೂ ನುಂಗಬಾರದು. ಬಹುತೇಕರಿಗೆ ಕೆಲವು ವಾರಗಳಲ್ಲಿ ನೋವು ಇಳಿಯುವದು.

ನೋವು ಇಳಿದ ಮೇಲೆ

ನಿಜವಾದ ಚಿಕಿತ್ಸೆ ಆರಂಭವಾಗುವದು ಇಲ್ಲಿಂದ. ನೋವು ಹೋಯಿತೆಂದು ನಾವು ಮರೆಯುತ್ತೇವೆ. ಅದಕ್ಕೇ ಅದು ಮರಳುವದು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಸೂಚನೆಗಳಲ್ಲಿ ಬಹುದಿನದ ನಡುನೋವಿಗೆ ವ್ಯಾಯಾಮವನ್ನು ಹೇಳಿದೆ. ನಡುಪಟ್ಟಿಯನ್ನೂ ಜಗ್ಗುವ ಚಿಕಿತ್ಸೆಯನ್ನೂ ರೂಢಿಯಾಗಿ ಬಳಸಬಾರದೆಂದಿದೆ. ಆಸ್ಟ್ರೇಲಿಯದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ರಮವಾಗಿ ನಡಿಗೆ ರೂಢಿಸಿಕೊಂಡ ಗುಂಪಿನಲ್ಲಿ ನೋವು ಮರಳಲು 208 ದಿನ ಹಿಡಿಯಿತು. ಉಳಿದವರಲ್ಲಿ 112 ದಿನಕ್ಕೇ ಮರಳಿತು. ಇವು ಆಯಾ ಗುಂಪಿನ ನಡುವಿನ ಅಂಕೆಗಳು.

ಮನೆಯಲ್ಲಿ ಮಾಡತಕ್ಕ ಪಾಠ ಇಷ್ಟು:

1. ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ಊರಿ, ನಡುವನ್ನು ಮೇಲೆತ್ತಿ ಐದು ಎಣಿಸಿ ಇಳಿಸಿರಿ. ಹತ್ತು ಸಲ.

2. ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದಕ್ಕೂ ಎಡಗಾಲು ಹಿಂದಕ್ಕೂ ಚಾಚಿ ಐದು ಎಣಿಸಿರಿ. ಆಮೇಲೆ ಎಡಗೈ, ಬಲಗಾಲು.

3. ವಾರಕ್ಕೆ ಐದು ದಿನ ನಡೆಯಿರಿ. ಹತ್ತು ನಿಮಿಷದಿಂದ ಆರಂಭಿಸಿ ಅರ್ಧ ತಾಸಿಗೆ ಏರಿಸಿರಿ.

ಇದನ್ನು ಮಾಡುವಾಗ ನೋವು ಕಾಲಿಗೆ ಇಳಿಯತೊಡಗಿದರೆ ನಿಲ್ಲಿಸಬೇಕು.

ಕೆಲಸದಲ್ಲಿ ಎಚ್ಚರ

ಸದೆ ಕೀಳುವಾಗ, ಜೋಳ ಕೊಯ್ಯುವಾಗ ಸಾಲು ಮುಗಿಯುವವರೆಗೆ ಬಗ್ಗಿಯೇ ಇರಬೇಡಿರಿ. ನಡುನಡುವೆ ಎದ್ದು, ಕೈಗಳನ್ನು ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗಿರಿ. ಬಹಳ ಹೊತ್ತು ಬಗ್ಗಿದ ತಂತುಗಳು ಸಡಿಲಾಗಿರುವವು. ಆದ್ದರಿಂದ ಎದ್ದ ಕೂಡಲೆ ಹೊರೆ ಎತ್ತದೆ ಒಂದೆರಡು ನಿಮಿಷ ನೆಟ್ಟಗೆ ನಡೆಯಿರಿ. ರಾತ್ರಿ ಮಲಗಿದಾಗ ಗಾದಿಗಳು ನೀರು ಹೀರಿ ಉಬ್ಬುವವು. ಆದಕಾರಣ ಬೆಳಗಿನ ಮೊದಲ ತಾಸಿನಲ್ಲಿ ಕೊಟ್ಟಿಗೆ ಬಳಿಯುವ, ಹೆಂಡಿಬುಟ್ಟಿ ಎತ್ತುವ ಕೆಲಸವನ್ನು ನಡುನೋವಿನ ತಾಯಂದಿರು ತುಸು ಮುಂದಕ್ಕೆ ಹಾಕುವದು ಲೇಸು. ಮನೆಯವರು ಇದಕ್ಕೆ ಒದಗಬೇಕು.

ತಡಮಾಡದೆ ದವಾಖಾನೆಗೆ

ಮಲಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಹೋಗಬೇಕು. ಜ್ವರ, ಮೈ ಇಳಿಯುವದು, ಮಲಗಿದರೂ ಬಿಡದ ರಾತ್ರಿಯ ನೋವು ಕ್ಷಯದಂಥ ಬೇನೆಯ ಗುರುತಾಗಿರಬಹುದು. ಬಿದ್ದು ಪೆಟ್ಟಾದವರೂ, ಸಣ್ಣ ಪೆಟ್ಟಿಗೇ ನೋವು ಬಂದ ಮುದುಕಿಯರೂ ಎಲುಬನ್ನು ಪರೀಕ್ಷಿಸಿಕೊಳ್ಳಬೇಕು.

ಸೊಲ್ಲಾಪುರ, ಮಿರಜಗಳ ದವಾಖಾನೆಗಳಲ್ಲಿ ನಮ್ಮ ಮಾತು ತಿಳಿಯದ ವೈದ್ಯರಿರಬಹುದು. ನಡುವಿಗೆ ಮರಾಠಿಯಲ್ಲಿ ‘ಕಂಬರ’, ಬೆನ್ನಿಗೆ ‘ಪಾಠ’, ಜೋಮಿಗೆ ‘ಮುಂಗ್ಯಾ’, ಮರಗಟ್ಟುವದಕ್ಕೆ ‘ಬಧೀರ’, ಮೂತ್ರಕ್ಕೆ ‘ಲಘವಿ’ ಎನ್ನುವರು. ಈ ಐದು ಶಬ್ದಗಳನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ವ್ಯಾಯಾಮವನ್ನೋ ಸುಗ್ಗಿಯ ಗಡಿಬಿಡಿ ಬರುವ ಮೊದಲೇ, ಈ ವಾರದಿಂದಲೇ ತೊಡಗಿರಿ.