ಅಡಿಕೆ ಡ್ರೈಯರ್‌ಗೆ ಕಂಪ್ಯೂಟರ್ ನಿಯಂತ್ರಣ: ಕಾರ್ಡ್ ಮತ್ತು ರಿಲೇಗಳ ಜೋಡಣೆ

ಸಂತೇಬೆನ್ನೂರು, ಚನ್ನಗಿರಿ ಭಾಗದ ಖೇಣಿದಾರರಿಗೆ ಕೊಯ್ಲಿನ ದಿನಗಳಲ್ಲಿ ಮಳೆ ಹಿಡಿದರೆ ಬೇಯಿಸಿದ ಅಡಿಕೆಯನ್ನು ಕಣದಲ್ಲಿ ಹರಡುವಂತಿಲ್ಲ, ರಾಶಿ ಹಾಕಿ ಇಡುವಂತೆಯೂ ಇಲ್ಲ. ಬೂಷ್ಟು ಹಿಡಿದ ಮಾಲಿನ ದರ್ಜೆ ಇಳಿಯುತ್ತದೆ. ಜಗಳೂರಿನ ಮೆಕ್ಕೆಜೋಳದ ವ್ಯಾಪಾರಿಗಳಿಗೂ ತೇವಾಂಶದ ಈ ತಾಪತ್ರಯ ಹೊಸದಲ್ಲ. ಇದಕ್ಕೆ ಬಿಸಿಗಾಳಿಯ ಡ್ರೈಯರ್ ಒಂದು ಪರಿಹಾರ. ಅದರ ಉಷ್ಣತೆಯನ್ನು ಅಳೆದು ದಾಖಲಿಸಿ, ಹೀಟರ್‌ಗಳನ್ನು ತಾನಾಗಿಯೇ ಹಾಕಿ ಆರಿಸಲು ಕಂಪ್ಯೂಟರಿಗೆ ಡಾಟಾ ಅಕ್ವಿಸಿಷನ್ ಕಾರ್ಡನ್ನೂ, ಹೀಟರ್‌ಗಳಿಗೆ ಸಾಲಿಡ್ ಸ್ಟೇಟ್ ರಿಲೇಗಳನ್ನೂ ಅಳವಡಿಸಬಹುದು. ಇವೆರಡರ ನಡುವಿನ ಜೋಡಣೆಯಲ್ಲಿ ಆಗುವ ತಪ್ಪುಗಳು ಬಂಡವಾಳಕ್ಕೇ ಕುತ್ತು ತರಬಲ್ಲವಾದ್ದರಿಂದ, ಕೊಟೇಷನ್‌ಗೆ ಸಹಿ ಹಾಕುವ ಮಾಲೀಕರೂ ಈ ವಿಷಯವನ್ನು ಸ್ಥೂಲವಾಗಿ ಅರಿತಿರುವುದು ಉಚಿತ.

ಸಾಮಾನ್ಯವಾಗಿ ದೊರೆಯುವ ರಿಲೇಯ ಮೇಲೆ ‘ಇನ್‌ಪುಟ್ 3ರಿಂದ 32 ವೋಲ್ಟ್ ಡಿಸಿ’ ಎಂದು ಮುದ್ರಿತವಾಗಿರುತ್ತದೆ. ಕಾರ್ಡಿನಿಂದ ಹೊರಡುವ ಸಂಕೇತವು 5 ವೋಲ್ಟ್ ಆದ್ದರಿಂದ ನೇರವಾಗಿ ಜೋಡಿಸಿದರೆ ಸಾಕೆಂಬ ಭಾವನೆ ಮೂಡುವುದು ಸಹಜ. ಆದರೆ ವೋಲ್ಟೇಜ್ ಹೊಂದಿದರೆ ಸಾಲದು, ಕರೆಂಟೂ ಹೊಂದಬೇಕು. ರಿಲೇಯ ಒಳಗಿನ ಬೆಳಕಿನ ಡಯೋಡ್ ಉರಿಯಲು ಸುಮಾರು 10 ಮಿಲಿ ಆಂಪಿಯರ್ ಬೇಕಾಗುವುದುಂಟು. 82ಸಿ55 ಚಿಪ್ ಆಧರಿಸಿದ ಕಾರ್ಡುಗಳಾದರೋ ಪ್ರತಿ ತಂತಿಗೆ ಸುಮಾರು 2.5 ಮಿಲಿ ಆಂಪಿಯರ್ ಮಾತ್ರ ಕೊಡಬಲ್ಲವು. ಇಂಥಲ್ಲಿ ನೇರವಾಗಿ ಜೋಡಿಸಿದರೆ ರಿಲೇ ಒಮ್ಮೆ ಹತ್ತಿ ಒಮ್ಮೆ ಹತ್ತದೇ ಇರಬಹುದು. ಕ್ರಮೇಣ ಕಾರ್ಡೂ ಕೆಡಬಹುದು. ಹೆಚ್ಚು ಕರೆಂಟ್ ಕೊಡುವ ಕಾರ್ಡುಗಳೂ ಉಂಟು. ಆದ್ದರಿಂದ ಎರಡೂ ವಸ್ತುಗಳ ತಾಂತ್ರಿಕ ವಿವರಗಳನ್ನು ತಾಳೆ ನೋಡಿದ ಬಳಿಕವೇ ಆರ್ಡರ್ ಕೊಡುವುದು ಕ್ಷೇಮ.

ಪರಿಹಾರ ಸುಲಭ, ಅಗ್ಗ ಕೂಡ. ಯುಎಲ್‌ಎನ್2803 ಎಂಬ ಒಂದು ಐಸಿ ಎಂಟು ರಿಲೇಗಳನ್ನು ನಡೆಸಬಲ್ಲದು. ಕಾರ್ಡಿನ ತಂತಿಯನ್ನು ಐಸಿಯ ಇನ್‌ಪುಟ್‌ಗೆ ಕೊಡಬೇಕು. ರಿಲೇಯ ಧನ ತುದಿಯನ್ನು ಪ್ರತ್ಯೇಕ 12 ವೋಲ್ಟ್ ಸರಬರಾಜಿಗೂ, ಋಣ ತುದಿಯನ್ನು ಐಸಿಯ ಔಟ್‌ಪುಟ್‌ಗೂ ಸೇರಿಸಬೇಕು. ಕಾರ್ಡಿನ ಗ್ರೌಂಡ್ ಮತ್ತು 12 ವೋಲ್ಟ್ ಸರಬರಾಜಿನ ಗ್ರೌಂಡ್ ಒಂದುಗೂಡಿರತಕ್ಕದ್ದು. ಇದನ್ನು ಮರೆತರೆ ಉಳಿದೆಲ್ಲ ಸರಿಯಿದ್ದರೂ ರಿಲೇ ಹತ್ತುವುದಿಲ್ಲ.

ಗ್ರಾಮಾಂತರದ ಘಟಕಗಳು ವಿಶೇಷವಾಗಿ ಗಮನಿಸಬೇಕಾದುದು ವಿದ್ಯುತ್ ಹೋಗಿ ಮರಳಿ ಬರುವ ಗಳಿಗೆಯನ್ನು. ಕಂಪ್ಯೂಟರ್ ಸಿದ್ಧವಾಗಲು ಒಂದೆರಡು ನಿಮಿಷ ಬೇಕು. ಆವರೆಗೆ ಕಾರ್ಡಿನ ತಂತಿಗಳು ಯಾರ ಅಧೀನದಲ್ಲಿಯೂ ಇರುವುದಿಲ್ಲ. ಕೆಲವು ಕಾರ್ಡುಗಳಲ್ಲಿ ಅವು 10 ಕಿಲೋ ಓಮ್ ರೋಧಕದ ಮೂಲಕ 5 ವೋಲ್ಟಿನ ಕಡೆಗೆ ಎಳೆಯಲ್ಪಟ್ಟಿರುತ್ತವೆ. ಆಗ ಯಾವ ಆಜ್ಞೆಯೂ ಇಲ್ಲದೆ ಹೀಟರ್‌ಗಳು ಹತ್ತಿಕೊಳ್ಳುತ್ತವೆ. ಫ್ಯಾನಿನ ಸ್ಟಾರ್ಟರ್ ಮಾತ್ರ ಯಾರಾದರೂ ಗುಂಡಿ ಒತ್ತುವವರೆಗೆ ಸುಮ್ಮನಿರುತ್ತದೆ. ಇಂಥ ಕಾರ್ಡಿನಲ್ಲಿ ಐಸಿಯ ಪ್ರತಿ ಇನ್‌ಪುಟ್‌ನಿಂದ ಗ್ರೌಂಡಿಗೆ 2.2 ಕಿಲೋ ಓಮ್ ರೋಧಕವನ್ನು ಹಾಕಿದರೆ ಈ ತೊಂದರೆ ನಿವಾರಣೆಯಾಗುತ್ತದೆ.

ಇನ್ನು ರಿಲೇಯ ಹೀಟರ್ ಬದಿ. 3 ಕಿಲೋವ್ಯಾಟ್‌ನ ಹೀಟರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ರಿಲೇಯಲ್ಲಿ ಸುಮಾರು 1.2 ವೋಲ್ಟ್ ನಷ್ಟವಾಗುವುದರಿಂದ ಅದರಲ್ಲಿಯೇ 16 ವ್ಯಾಟ್ ಶಾಖ ಹುಟ್ಟುತ್ತದೆ. ಮೂರು ಹೀಟರ್‌ಗಳು ಹತ್ತು ತಾಸು ಉರಿದರೂ ಈ ನಷ್ಟ ಅರ್ಧ ಯೂನಿಟ್ ಮಾತ್ರ. ಬಿಲ್ಲಿನ ದೃಷ್ಟಿಯಿಂದ ನಗಣ್ಯ. ಆದರೆ ರಿಲೇಯ ಆಯುಷ್ಯದ ದೃಷ್ಟಿಯಿಂದ ಹಾಗಲ್ಲ. ‘40 ಆಂಪಿಯರ್’ ಎಂಬ ಮುದ್ರೆ ತಕ್ಕ ಹೀಟ್ ಸಿಂಕ್ ಇದ್ದಾಗ ಮಾತ್ರ ಅನ್ವಯಿಸುತ್ತದೆ. ಕೊಟೇಷನ್‌ನಲ್ಲಿ ಮೊದಲು ಕತ್ತರಿ ಬೀಳುವುದು ಈ ಅಲ್ಯೂಮಿನಿಯಂ ತುಂಡಿಗೇ!

ರಿಲೇ ಕೆಟ್ಟಾಗ ಬಹುತೇಕ ಶಾರ್ಟ್ ಆಗಿ, ಹತ್ತಿದ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಕಂಪ್ಯೂಟರ್ ‘ಆರಿಸು’ ಎಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಹರಿಯುತ್ತಿರುವುದು ಎಂದಿನ 13 ಆಂಪಿಯರೇ ಆದ್ದರಿಂದ ಎಂಸಿಬಿಯೂ ಬೀಳುವುದಿಲ್ಲ. ಒಳಗಿರುವ 3 ಕ್ವಿಂಟಲ್ ಅಡಿಕೆಗೆ ಕ್ವಿಂಟಲ್ಲಿಗೆ 40 ಸಾವಿರದಂತೆ ಹಿಡಿದರೂ 1 ಲಕ್ಷದ 20 ಸಾವಿರ ರೂಪಾಯಿಯ ಮಾಲು ಅಪಾಯದಲ್ಲಿರುತ್ತದೆ. ಕಟ್ಟಡದ ಮಾತು ಬೇರೆ. ಆದುದರಿಂದ ರಿಲೇಗಳಿಗೆ ಮೊದಲು ಸಾಲಿನಲ್ಲಿ ಒಂದು ಕಾಂಟ್ಯಾಕ್ಟರ್ ಇರಲೇಬೇಕು. ಅದರ ಕಾಯಿಲ್ ಕಂಪ್ಯೂಟರಿಗೆ ಸಂಬಂಧವಿಲ್ಲದ ಒಂದು ಥರ್ಮೋಸ್ಟ್ಯಾಟ್ ಮತ್ತು ಫ್ಯಾನ್ ಸ್ಟಾರ್ಟರಿನ ಸಹಾಯಕ ಕಾಂಟ್ಯಾಕ್ಟ್ ಮೂಲಕ ಹಾದುಬರಬೇಕು. ಡ್ರೈಯರನ್ನು 60 ಡಿಗ್ರಿಯಲ್ಲಿ ನಡೆಸುವವರು ಈ ಥರ್ಮೋಸ್ಟ್ಯಾಟನ್ನು 75ಕ್ಕೆ ಇಡಬಹುದು. ಕೈಯಿಂದ ರೀಸೆಟ್ ಮಾಡುವ ಬಗೆಯದಾದರೆ ಮೇಲು. ಏನೋ ಕೆಟ್ಟಿದೆ ಎಂಬುದು ಆಗ ಗಮನಕ್ಕೆ ಬಂದೇ ಬರುತ್ತದೆ.

ಪರೀಕ್ಷೆಯನ್ನು ಹೀಟರ್‌ಗೆ ಬದಲು 100 ವ್ಯಾಟಿನ ತಂತಿ ಬಲ್ಬ್ ಹಾಕಿ ನಡೆಸುವುದು ವಾಡಿಕೆ. ಲೋಡ್ ಇಲ್ಲದೆ ಮಲ್ಟಿಮೀಟರಿನಿಂದ ಅಳೆದರೆ ಆರಿದ ರಿಲೇಯ ಆಚೆಗೂ ಬಹುಪಾಲು ಪೂರ್ಣ ವೋಲ್ಟೇಜ್ ಕಾಣಿಸಿ ಗೊಂದಲವಾಗುತ್ತದೆ; ಆರಿದ ರಿಲೇಯಲ್ಲಿಯೂ ಅಲ್ಪ ಕರೆಂಟ್ ಸೋರುವುದೇ ಇದಕ್ಕೆ ಕಾರಣ. ಇದೇ ಕಾರಣದಿಂದ, ರಿಲೇ ಆರಿದೆಯೆಂದು ನಂಬಿ ಹೀಟರಿನ ತಂತಿಯನ್ನು ಮುಟ್ಟಕೂಡದು. ರಿಪೇರಿಗೆ ಮುನ್ನ ಮೇನ್ ಸ್ವಿಚ್ಚನ್ನೇ ತೆಗೆಯಬೇಕು.

ಲೆಕ್ಕಪತ್ರದ ಬಗ್ಗೆ ಒಂದು ಮಾತು. ಹೊಸ ಡ್ರೈಯರಿನೊಂದಿಗೆ ಕೂರಿಸಿದ ಪ್ಯಾನೆಲ್, ಕಾಂಟ್ಯಾಕ್ಟರ್ ಮತ್ತು ಜೋಡಣೆಯ ಕೂಲಿ ಯಂತ್ರದ ಮೂಲವೆಚ್ಚಕ್ಕೆ ಸೇರುತ್ತವೆ. ಮುಂದೆ ಸುಟ್ಟ ರಿಲೇಯನ್ನು ಬದಲಿಸಿದ ಖರ್ಚು ದುರಸ್ತಿ ಲೆಕ್ಕಕ್ಕೆ ಹೋಗುತ್ತದೆ. ಬಿಲ್ಲಿನೊಂದಿಗೆ ವೈರಿಂಗ್ ನಕ್ಷೆಯ ಒಂದು ಪ್ರತಿಯನ್ನೂ ಪಡೆದು ಫೈಲಿನಲ್ಲಿಡಬೇಕು. ಪ್ಯಾನೆಲ್ ಕಟ್ಟಿದ ವೈರ್‌ಮನ್ ಮುಂದಿನ ಕೊಯ್ಲಿಗೆ ಸಿಗದೇ ಹೋದರೆ ಬಂದವನು ಕೇಳುವುದು ಅದನ್ನೇ.